ಹಳೆಯ ಕಾರಿನ ಕಂಪನಿ ಸ್ಟೀರಿಯೊಗೆ ಉಪಗ್ರಹ ರೇಡಿಯೊ ಜೋಡಿಸಬಹುದೇ?

ಪ್ರಶ್ನೆ: ಹಳೇ ಸ್ವಿಫ್ಟ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2009ರ ಮಾರುತಿ ಸ್ವಿಫ್ಟ್ ಇದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಮಾರುವ ಮನಸ್ಸಿಲ್ಲ. ಅದರಲ್ಲಿರುವುದು ಕಾರಿನ ಜೊತೆಯಲ್ಲೇ ಬಂದ, ಡ್ಯಾಶ್‌ಬೋರ್ಡಿನ ಆಕಾರಕ್ಕೆ ಹೊಂದಿಕೊಂಡಂತೆ ಕೂಡಿಸಿದ ಸ್ಟೀರಿಯೊ. ಸಿಡಿ ಹಾಡುತ್ತದೆ, ರೇಡಿಯೊ ಹಾಡುತ್ತದೆ. ಆದರೆ ಬ್ಲೂಟೂತ್ ಇಲ್ಲ, ಯುಎಸ್‌ಬಿ ಇಲ್ಲ, ಆಕ್ಸ್ ಪಿನ್ ಚುಚ್ಚಲು ಒಂದು ತೂತು ಕೂಡ ಇಲ್ಲ.

ಮಗಳು ಬೆಳಗಾವಿಯಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ ದಾರಿಯಾಗಿ ಹೋಗಿ ಬರುತ್ತೇನೆ. ಚಿಕ್ಕಪಡಸಲಗಿಯ ಸೇತುವೆ ದಾಟುವುದರೊಳಗೆ ವಿಜಯಪುರದ ಎಫ್‌ಎಂ ಕರಕರ ಎನ್ನತೊಡಗುತ್ತದೆ, ಆಮೇಲೆ ಬೆಳಗಾವಿಯವರೆಗೆ ಮೌನ. ಮನೆಯಲ್ಲಿದ್ದ ಹತ್ತಾರು ಸಿಡಿಗಳು ಗೀರು ಬಿದ್ದು ಹಾಳಾಗಿವೆ.

ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಅಲ್ಲಿ ತನ್ನ 2006ರ ಕಾರಿನ ಕಂಪನಿ ಸ್ಟೀರಿಯೊಗೆ ಉಪಗ್ರಹ ರೇಡಿಯೊ ಜೋಡಿಸಿಕೊಂಡಿದ್ದಾನೆ. ಊರಿಂದ ಊರಿಗೆ ನೂರಾರು ಮೈಲಿ ಹೋದರೂ ಒಂದೇ ಸ್ಟೇಷನ್ ಕಡಿಯದೆ ಕೇಳಿಸುತ್ತದಂತೆ. ದೀಪಾವಳಿಗೆ ಬರುವಾಗ ಅಂಥದೇ ಒಂದು ಕಿಟ್ ತರುತ್ತೇನೆ, ಬೇಕಾದರೆ ಒಳ್ಳೆಯ ಸ್ಟೀರಿಯೊವನ್ನೇ ತರುತ್ತೇನೆ ಎಂದು ಹೇಳುತ್ತಿದ್ದಾನೆ. ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳುವುದು ಲೇಸು ಎನಿಸಿತು. ಅದು ಇಲ್ಲಿ ನಡೆಯುತ್ತದೆಯೇ? ಆಕ್ಸ್ ಇಲ್ಲದ ನನ್ನ ಸ್ಟೀರಿಯೊಗೆ ಅದನ್ನು ಹೇಗೆ ಜೋಡಿಸುತ್ತಾರೆ? ನಮ್ಮ ಮನೆಯ ಮೇಲಿನ ಡಿಡಿ ಫ್ರೀ ಡಿಶ್‌ನಲ್ಲಿ ಆಕಾಶವಾಣಿಯ ಚಾನೆಲ್‌ಗಳು ಬರುತ್ತವೆ. ಅದೂ ಉಪಗ್ರಹವೇ ತಾನೇ, ಕಾರಿಗೆ ಏಕೆ ಬರಬಾರದು ಎಂಬ ಸಂದೇಹವೂ ಇದೆ. ಇಲ್ಲಿಯ ಒಂದು ಕಾರ್ ಡೆಕೋರ್ ಅಂಗಡಿಯವರನ್ನು ಕೇಳಿದಾಗ, "ಸಾಹೇಬ್ರ, ಇದನ್ನ ಕಿತ್ತು ಒಗೀರಿ, ಆಂಡ್ರಾಯ್ಡ್ ಕೂಡಿಸಿ ಕೊಡ್ತೀನಿ" ಎಂದರು. ಕಿತ್ತು ಒಗೆಯುವ ಇಷ್ಟ ನನಗಿಲ್ಲ.

ಉತ್ತರ 1: ನವನಗರ ಶ್ರೋತೃ, ಬಾಗಲಕೋಟೆ

ಕಿಟ್ ತರಬೇಡ ಎಂದು ನಿಮ್ಮ ಸೋದರಳಿಯನಿಗೆ ಇವತ್ತೇ ಫೋನ್ ಮಾಡಿರಿ. ಕಾರಣ ಹೇಳುತ್ತೇನೆ.

ಅಮೆರಿಕದಲ್ಲಿ ಎಕ್ಸ್‌ಎಂ ಎಂಬ ಕಂಪನಿ 2001ರಲ್ಲಿ, ಸಿರಿಯಸ್ ಎಂಬುದು 2002ರಲ್ಲಿ ಪ್ರಸಾರ ಆರಂಭಿಸಿದವು; 2008ರಲ್ಲಿ ಎರಡೂ ಒಂದಾಗಿ ಸಿರಿಯಸ್ ಎಕ್ಸ್‌ಎಂ ಆದವು. ಅವುಗಳ ಉಪಗ್ರಹಗಳು ಕೇವಲ ಉತ್ತರ ಅಮೆರಿಕದ ಮೇಲೆ ಸಂಕೇತವನ್ನು ಸುರಿಸುತ್ತವೆ. ನಮ್ಮಿಂದ ನೋಡಿದರೆ ಅವು ಭೂಮಿಯ ಆಚೆ ಮಗ್ಗುಲಿನಲ್ಲಿವೆ. ಕಿಟ್ಟನ್ನು ವಿಜಯಪುರಕ್ಕೆ ತಂದು, ಚಂದಾ ಕಟ್ಟಿ, ಆಂಟೆನಾವನ್ನು ಗೋಳಗುಮ್ಮಟದ ತುದಿಯಲ್ಲಿಟ್ಟರೂ ಅದಕ್ಕೆ ಏನೂ ಕೇಳಿಸುವುದಿಲ್ಲ.

ಭಾರತದಲ್ಲಿ ಉಪಗ್ರಹ ರೇಡಿಯೊ ಇರಲೇ ಇಲ್ಲವೆಂದಲ್ಲ. ನಲವತ್ತು ದಾಟಿದವರಿಗೆ ವರ್ಲ್ಡ್‌ಸ್ಪೇಸ್ ನೆನಪಿರಬಹುದು. ಅದರ ಏಷ್ಯಾಸ್ಟಾರ್ ಉಪಗ್ರಹ 2000ದ ಮಾರ್ಚ್‌ನಲ್ಲಿ ಉಡಾವಣೆಯಾಗಿ 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿತು. ನನ್ನ ಬಳಿ ಅದರ ಪೆಟ್ಟಿಗೆಯಿತ್ತು. ಅಂಗೈಯಗಲದ ಚಪ್ಪಟೆ ಆಂಟೆನಾವನ್ನು ಮಾಳಿಗೆಯ ಮೇಲಿಟ್ಟು, ಪೂರ್ವದಿಂದ ಸ್ವಲ್ಪ ಆಗ್ನೇಯಕ್ಕೆ ಮುಖ ತಿರುಗಿಸಿ, ನೆಲದಿಂದ ಹೆಚ್ಚುಕಡಿಮೆ 50 ಡಿಗ್ರಿ ಮೇಲಕ್ಕೆ ವಾಲಿಸಬೇಕಿತ್ತು. ಕನ್ನಡಕ್ಕೆ 'ಸ್ಪರ್ಶ' ಎಂಬ ಚಾನೆಲ್ ಇತ್ತು, ಹಿಂದೂಸ್ತಾನಿಗೆ 'ಗಂಧರ್ವ' ಇತ್ತು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿಯ ಸೀಮೆಯವರಾದ ನಮಗೆ ಆ ಹೆಸರೊಂದೇ ಸಾಕಾಗಿತ್ತು; ಬೆಳಗಿನ ಜಾವ ತೋಡಿ ರಾಗ ಹಾಕಿದರೆ ಚಹಾ ಆರಿದ್ದು ಗೊತ್ತಾಗುತ್ತಿರಲಿಲ್ಲ. ಕಂಪನಿ 2008ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರ ನಿಂತಿತು. ಕಾರಿಗೆ ಉಪಗ್ರಹದಿಂದ ನೇರವಾಗಿ ರೇಡಿಯೊ ಕೊಡುವ ಸೇವೆ ಆಮೇಲೆ ಇಲ್ಲಿ ಬರಲಿಲ್ಲ.

ವರ್ಲ್ಡ್‌ಸ್ಪೇಸ್ ಇದ್ದಾಗಲೂ ಕಾರಿನಲ್ಲಿ ಅದನ್ನು ಕೇಳುವುದು ಕಷ್ಟವೇ ಆಗಿತ್ತು. ಉಪಗ್ರಹಕ್ಕೂ ಆಂಟೆನಾಕ್ಕೂ ನಡುವೆ ಒಂದು ಬೇವಿನ ಮರ ಬಂದರೂ ದನಿ ಕಡಿಯುತ್ತಿತ್ತು. ಅಮೆರಿಕದಲ್ಲಿ ಊರುಗಳ ಒಳಗೆ ಎತ್ತರದ ಕಟ್ಟಡಗಳ ಮರೆಯಲ್ಲಿ ಸಂಕೇತ ಕಡಿಯಬಾರದೆಂದು ನೆಲದ ಮೇಲೆಯೇ ಮರುಪ್ರಸಾರ ಕೇಂದ್ರಗಳನ್ನು ಹಾಕಿದ್ದಾರೆ. ಹೀಗೆ ಮೇಲಿಂದಲೂ ನೆಲದಿಂದಲೂ ಒಂದೇ ಕಾರ್ಯಕ್ರಮ ಬರುವುದರಿಂದಲೇ ಅಲ್ಲಿ ಓಡುವ ಕಾರಿಗೆ ಅಖಂಡವಾಗಿ ಕೇಳಿಸುತ್ತದೆ.

ಇನ್ನು ನಿಮ್ಮ ಫ್ರೀ ಡಿಶ್ ಸಂದೇಹ ಬಹಳ ನ್ಯಾಯವಾದದ್ದು. ಅದು ಕೂಡ ಉಪಗ್ರಹವೇ, ಜಿಸ್ಯಾಟ್-15. ಆದರೆ ಆ ಸಂಕೇತ ನೆಲಕ್ಕೆ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ, ಆದ್ದರಿಂದಲೇ ಅದನ್ನು ಕೂಡಿಸಿಕೊಳ್ಳಲು ತಾಟಿನಂಥ ಡಿಶ್ ಬೇಕು. 60 ಸೆಂಟಿಮೀಟರಿನ ಡಿಶ್‌ನ ನೋಟ ಸುಮಾರು 3 ಡಿಗ್ರಿಯಷ್ಟೇ ಅಗಲ. ಗಾಳಿಗೆ ಡಿಶ್ ಸ್ವಲ್ಪ ತಿರುಗಿದರೆ ಟಿವಿ ಹೋಗುವುದು ಇದೇ ಕಾರಣಕ್ಕೆ. ಪ್ರತಿ ತಿರುವಿಗೂ ದಿಕ್ಕು ಬದಲಿಸುವ ಕಾರಿನ ಮೇಲೆ ಅದನ್ನು ಕೂಡಿಸುವುದೆಂತು? ಅಮೆರಿಕದ ಉಪಗ್ರಹ ರೇಡಿಯೊ ಬಳಸುವುದು ಬೇರೆ ಕಂಪನಾಂಕಗಳನ್ನು, 2320ರಿಂದ 2345 ಮೆಗಾಹರ್ಟ್ಸ್‌ವರೆಗಿನವನ್ನು. ಉಪಗ್ರಹಗಳ ಶಕ್ತಿಯೂ ಅದಕ್ಕೆಂದೇ ಹೆಚ್ಚು. ಹೀಗಾಗಿ ಅಲ್ಲಿ ನಿಪ್ಪಟ್ಟಿನಷ್ಟು ಸಣ್ಣ ಆಂಟೆನಾ ಮೇಲ್ಛಾವಣಿಗೆ ಅಂಟಿಕೊಂಡಿದ್ದರೆ ಸಾಕು, ಅದನ್ನು ಯಾವ ದಿಕ್ಕಿಗೂ ತಿರುಗಿಸಬೇಕಾಗಿಲ್ಲ.

ಉತ್ತರ 2: ಟಿಳಕವಾಡಿ ವೈರಿಂಗ್, ಬೆಳಗಾವಿ

ಮೇಲಿನವರು ಹೇಳಿದ್ದು ಸರಿ. ನಾನು ಇಪ್ಪತ್ತು ವರ್ಷಗಳಿಂದ ಕಾರುಗಳ ವಿದ್ಯುತ್ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರಿಸುತ್ತೇನೆ. ಅಮೆರಿಕದಲ್ಲಿ ಹಳೆಯ ಸ್ಟೀರಿಯೊಗೆ ಉಪಗ್ರಹ ರೇಡಿಯೊ ಜೋಡಿಸುವವರು ಬಿಡಿಸಬೇಕಾದ ಗಂಟು ಮತ್ತು ನಿಮ್ಮ ಗಂಟು ಒಂದೇ: ಹೊರಗಿನಿಂದ ಬಂದ ದನಿಯನ್ನು, ಅದಕ್ಕೆ ಬಾಗಿಲೇ ಇಲ್ಲದ ಪೆಟ್ಟಿಗೆಯೊಳಗೆ ನುಗ್ಗಿಸುವುದು ಹೇಗೆ? ದನಿ ಉಪಗ್ರಹದಿಂದ ಬರಲಿ, ನಿಮ್ಮ ಮೊಬೈಲಿನಿಂದ ಬರಲಿ, ಒಳಗೆ ಹೋಗುವ ದಾರಿಗಳು ಅವೇ.

ಸಿಗರೇಟ್ ಲೈಟರಿಗೆ ಚುಚ್ಚುವ ಬ್ಲೂಟೂತ್ ಎಫ್‌ಎಂ ಟ್ರಾನ್ಸ್‌ಮಿಟರ್ ಎಲ್ಲರಿಗೂ ಗೊತ್ತಿರುವುದೇ. ಅದು ಮೊಬೈಲಿನ ದನಿಯನ್ನು ಖಾಲಿ ಇರುವ ಒಂದು ಎಫ್‌ಎಂ ಕಂಪನಾಂಕದ ಮೇಲೆ ಗಾಳಿಗೆ ಬಿಡುತ್ತದೆ, ನಿಮ್ಮ ಸ್ಟೀರಿಯೊ ಅದನ್ನು ಒಂದು ಸ್ಟೇಷನ್ ಎಂದೇ ತಿಳಿದು ಹಿಡಿದುಕೊಳ್ಳುತ್ತದೆ. ಅಗ್ಗದ ಉಪಾಯ, ಆದರೆ ತೊಡಕೆಂದರೆ ಅದು ತಗ್ಗಿನ ಲೈಟರಿನ ಬಳಿ ಕೂತು ಪಿಸುಗುಟ್ಟುತ್ತದೆ, ಸ್ಟೀರಿಯೊದ ಕಿವಿ ಇರುವುದು ತಗಡಿನ ಆಚೆ, ಮೇಲ್ಛಾವಣಿಯ ಮೇಲೆ. ನಿಮ್ಮ ಊರಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಮುಂದಿನ ಊರಿನಲ್ಲಿ ಯಾವುದೋ ಸ್ಟೇಷನ್ ಕುಳಿತಿದ್ದರೆ ಎರಡೂ ಗುದ್ದಾಡುತ್ತವೆ. ಹೀಗಾಗಿ ದಾರಿಯುದ್ದಕ್ಕೂ ಕೈ ಆ ಗುಂಡಿಯ ಮೇಲೆಯೇ ಇರಬೇಕಾಗುತ್ತದೆ.

ನಾನು ನಿಮಗೆ ಹೇಳುವುದು ವೈರಿನ ಮೂಲಕ ಜೋಡಿಸುವ ಎಫ್‌ಎಂ ಮಾಡ್ಯುಲೇಟರನ್ನು. ಇದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಡಬ್ಬಿ. ಸ್ಟೀರಿಯೊದ ಹಿಂದೆ ಕಪ್ಪು ದಪ್ಪ ವೈರಿನ ತುದಿಯಲ್ಲಿ ಆಂಟೆನಾ ಪ್ಲಗ್ ಇರುತ್ತದಲ್ಲ, ಅದನ್ನು ಬಿಚ್ಚಿ ಈ ಡಬ್ಬಿಗೆ ಕೊಡಬೇಕು, ಡಬ್ಬಿಯ ಪ್ಲಗ್ಗನ್ನು ಸ್ಟೀರಿಯೊಗೆ ಕೊಡಬೇಕು. ಜೊತೆಗೆ ಬರುವ ಸ್ವಿಚ್ ಒತ್ತಿದಾಗ ಹೊರಗಿನ ಆಂಟೆನಾದ ಸಂಪರ್ಕ ಕಡಿದು, ಮೊಬೈಲಿನ ದನಿ ಮಾತ್ರ ಸ್ಟೀರಿಯೊಗೆ ಹೋಗುತ್ತದೆ. ಹೊರಗಿನ ಸ್ಟೇಷನ್‌ಗಳು ಒಳಗೆ ಬರಲು ದಾರಿಯೇ ಇಲ್ಲದಿರುವುದರಿಂದ ಗುದ್ದಾಟವೂ ಇಲ್ಲ. ನಿಮ್ಮ ಸೋದರಳಿಯನ ಕಾರಿನಲ್ಲಿರುವುದೂ ಬಹುಶಃ ಇಂಥದೇ ಡಬ್ಬಿ. ಎಫ್‌ಎಂ ಮೂಲಕ ಹೋಗುವುದರಿಂದ 15 ಕಿಲೊಹರ್ಟ್ಸ್‌ಗಿಂತ ಮೇಲಿನ ಸೂಕ್ಷ್ಮ ದನಿಗಳು ಉಳಿಯುವುದಿಲ್ಲ, ಸಿಡಿಯಷ್ಟು ಹೊಳಪು ಇರದು. ಆದರೆ ಕಿಟಕಿ ಅರ್ಧ ಇಳಿಸಿ ಯರಗಟ್ಟಿಯ ರಸ್ತೆಯಲ್ಲಿ ಹೋಗುವವನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಕೆಲವು ಸ್ಟೀರಿಯೊಗಳ ಹಿಂದೆ ಸಿಡಿ ಚೇಂಜರಿಗಾಗಿ, ಅಂದರೆ ಹಲವು ಸಿಡಿ ತುಂಬಿಡುವ ಪೆಟ್ಟಿಗೆಗಾಗಿ, ಬಿಟ್ಟ ಸಾಕೆಟ್ ಇರುತ್ತದೆ. ಚೇಂಜರ್ ಇದೆಯೆಂದು ಸ್ಟೀರಿಯೊವನ್ನು ನಂಬಿಸಿ ಅದೇ ದಾರಿಯಿಂದ ದನಿ ಕೊಡುವ ಅಡಾಪ್ಟರುಗಳು ಬರುತ್ತವೆ, ಅವುಗಳ ದನಿ ಮಾಡ್ಯುಲೇಟರಿಗಿಂತ ಚೊಕ್ಕ. ಬಿಚ್ಚಿ ನೋಡಿದಾಗ ಆ ಸಾಕೆಟ್ ಕಂಡರೆ ಅದರ ಫೋಟೊ ಇಲ್ಲಿ ಹಾಕಿರಿ.

ಬಿಚ್ಚುವವರು ನೀವೇ ಆದರೆ ಕೆಲವು ಮಾತು. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ತೆಗೆದ ಮೇಲೆ ಕೆಲವು ನಿಮಿಷ ಸುಮ್ಮನೆ ಕೂಡಿರಿ. ಆದರೆ ಅದಕ್ಕೂ ಮೊದಲು ಕಾರಿನ ಪುಸ್ತಕದಲ್ಲಿ ಸ್ಟೀರಿಯೊದ ಕೋಡ್ ಏನಾದರೂ ಬರೆದಿದೆಯೇ ನೋಡಿಕೊಳ್ಳಿ. ಕಳ್ಳತನ ತಡೆಯಲೆಂದು ಕೆಲವು ಕಂಪನಿ ಸ್ಟೀರಿಯೊಗಳು ಕರೆಂಟ್ ಹೋಗಿ ಬಂದರೆ ಕೋಡ್ ಕೇಳುತ್ತವೆ, ಕೊಡದಿದ್ದರೆ ಬಾಯಿ ಬಿಡುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ, ಒಂದು ಮೂಲೆಯಿಂದ ಸಾವಕಾಶ ಮೀಟಿರಿ. ಚಳಿಗಾಲದ ಬೆಳಿಗ್ಗೆ ಈ ಕೆಲಸ ಮಾಡಬೇಡಿ, ಹದಿನೈದು ವರ್ಷದ ಪ್ಲಾಸ್ಟಿಕ್ ಆಗ ಹಪ್ಪಳದಂತೆ ಮುರಿಯುತ್ತದೆ. ಕಾರನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿದರೆ ಅದು ಮೆತ್ತಗಾಗಿ ತಾನೇ ಬಿಟ್ಟುಕೊಡುತ್ತದೆ. ಆಂಟೆನಾವನ್ನು ಕೀಳುವಾಗ ಪ್ಲಗ್ಗನ್ನು ಹಿಡಿಯಿರಿ, ವೈರನ್ನಲ್ಲ.

ಮಾಡ್ಯುಲೇಟರಿಗೆ ಕರೆಂಟನ್ನು ಎಲ್ಲಿಂದ ಕೊಡುತ್ತೀರಿ ಎಂಬುದು ಮುಖ್ಯ. ಕೀ ತೆಗೆದರೂ ಜೀವ ಇರುವ ವೈರು ಒಂದು, ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ವೈರು ಇನ್ನೊಂದು. ಬಣ್ಣ ನಂಬಬೇಡಿ, ಮಲ್ಟಿಮೀಟರ್ ಹಚ್ಚಿ ನೋಡಿರಿ: ಕೀ ತೆಗೆದಾಗ ಸೊನ್ನೆ, ಮೊದಲ ಹಂತಕ್ಕೆ ತಿರುಗಿಸಿದಾಗ 12 ವೋಲ್ಟ್ ತೋರಿಸುವುದೇ ನಿಮಗೆ ಬೇಕಾದದ್ದು. ನಡುವೆ 1 ಆಂಪಿಯರಿನ ಫ್ಯೂಸ್ ಇರಲಿ. ಸದಾ ಜೀವ ಇರುವ ವೈರಿಗೆ ಕಟ್ಟಿದರೆ ಡಬ್ಬಿ ಹಗಲು ರಾತ್ರಿ ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದವರ ಕಾರನ್ನು ತಳ್ಳಿ ಶುರು ಮಾಡಿಕೊಟ್ಟ ಅನುಭವ ನನಗೆ ಬೇಕಾದಷ್ಟಿದೆ. ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡೇ ಹಾಡು ಹಚ್ಚಿದಾಗ ಕುಂಯ್ ಎಂಬ ದನಿ ಬಂದು, ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತಿದ್ದರೆ ಗಾಬರಿಯಾಗಬೇಡಿ. ಅದು ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ದನಿ, ಎರಡು ಅರ್ಥಿಂಗ್‌ಗಳ ನಡುವೆ ಸುತ್ತು ಬಿದ್ದಾಗ ಬರುತ್ತದೆ. ದನಿಯ ವೈರಿನಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ತುಂಡು ಸೇರಿಸಿದರೆ ಹೋಗುತ್ತದೆ.

ಅಮೆರಿಕದ ಸ್ಟೀರಿಯೊ ತರಿಸುವ ಮಾತನ್ನಂತೂ ಬಿಟ್ಟುಬಿಡಿ. ಅಲ್ಲಿ ಎಫ್‌ಎಂ ಸ್ಟೇಷನ್‌ಗಳೆಲ್ಲ ದಶಮಾಂಶದ ನಂತರ ಬೆಸ ಅಂಕಿಯ ಮೇಲೆಯೇ ಇರುತ್ತವೆ, 90.3, 90.5 ಹೀಗೆ. ಆ ಪೆಟ್ಟಿಗೆಗಳು ಜಿಗಿಯುವುದೂ ಹಾಗೆಯೇ. ನಮ್ಮ ಬೆಳಗಾವಿಯ ವೇಣುಧ್ವನಿ ಇರುವುದು 90.4ರಲ್ಲಿ! ಪ್ರದೇಶ ಬದಲಿಸುವ ಸೆಟ್ಟಿಂಗ್ ಇಲ್ಲದಿದ್ದರೆ ಅದು ಆ ಸ್ಟೇಷನ್ನಿನ ಆಚೆ ಈಚೆ ನಿಲ್ಲುತ್ತದೆಯೇ ಹೊರತು ಅದರ ಮೇಲೆ ನಿಲ್ಲುವುದಿಲ್ಲ.

ಉತ್ತರ 3: ನವನಗರ ಶ್ರೋತೃ, ಬಾಗಲಕೋಟೆ

ವೈರಿಂಗ್ ಅಣ್ಣಾವರ ಕೊನೆಯ ಮಾತಿಗೆ ಒಂದು ಸೇರಿಕೆ. ಅಮೆರಿಕದ ಪೆಟ್ಟಿಗೆ ಎಎಂನಲ್ಲಿ, ಅಂದರೆ ಮಧ್ಯಮ ತರಂಗದಲ್ಲಿ, 10 ಕಿಲೊಹರ್ಟ್ಸ್‌ನಂತೆ ಹೆಜ್ಜೆ ಹಾಕುತ್ತದೆ, ನಮ್ಮದು 9ರಂತೆ. ಧಾರವಾಡ ಆಕಾಶವಾಣಿ ಇರುವುದು 765ರಲ್ಲಿ. ಆ ಪೆಟ್ಟಿಗೆ 760ಕ್ಕೆ ನಿಂತು 770ಕ್ಕೆ ಹಾರುತ್ತದೆ.

ಇದನ್ನು ಬರೆಯುವಾಗ ಹೊಳೆಯಿತು. ನಿಮ್ಮ ಸ್ಟೀರಿಯೊದಲ್ಲಿ ಎಎಂ ಗುಂಡಿ ಇದೆಯೇ? ಇದ್ದರೆ, ಊರು ಬದಲಾದರೂ ಬದಲಾಗದ ಸ್ಟೇಷನ್ ನಿಮಗೆ ಆಗಲೇ ಇದೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರದ ಮಧ್ಯಮ ತರಂಗದ ಪ್ರೇಷಕದ ಶಕ್ತಿ 200 ಕಿಲೊವ್ಯಾಟ್. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ನಿಂತುಬಿಡುತ್ತದೆ, ಮಧ್ಯಮ ತರಂಗ ನೆಲವನ್ನು ಹಿಡಿದುಕೊಂಡೇ ದೂರ ಸಾಗುತ್ತದೆ. ಹಗಲು ಹೊತ್ತಿನಲ್ಲಿ ನಿಮ್ಮ ದಾರಿಯುದ್ದಕ್ಕೂ ಅದು ಸಿಗಬೇಕು.

ಆದರೆ ಒಂದು ಪ್ರಶ್ನೆ. ಚಿಕ್ಕಪಡಸಲಗಿಗೇ ಎಫ್‌ಎಂ ಕರಕರ ಎನ್ನುತ್ತದೆ ಎಂದಿರಲ್ಲ, ನಿಮ್ಮ ಮೇಲ್ಛಾವಣಿಯ ಆಂಟೆನಾ ಯಾವುದು?

ಹಳೇ ಸ್ವಿಫ್ಟ್, ವಿಜಯಪುರ

ನೀವು ಕೇಳಿದ ಮೇಲೆ ಹೊರಗೆ ಹೋಗಿ ನೋಡಿದೆ. ಮೂಲ ಕಡ್ಡಿ ನಾಲ್ಕೈದು ವರ್ಷಗಳ ಹಿಂದೆ ಕಾರು ತೊಳೆಸಲು ಬಿಟ್ಟಾಗ ಕಳೆದುಹೋಯಿತು. ಆಗ ಅಂದಕ್ಕಿರಲಿ ಎಂದು ಶಾರ್ಕ್ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ಕಿನದನ್ನು ಹಾಕಿಸಿದ್ದೆ. ಎಎಂ ಗುಂಡಿ ಇದೆ. ಒತ್ತಿದರೆ ಜೇನು ಎದ್ದಂತೆ ಗುಂಯ್‌ಗುಡುತ್ತದೆ, ನಡುವೆ ಎಲ್ಲೋ ಧಾರವಾಡದ ವಾರ್ತೆಯ ದನಿ ಮುಳುಗೇಳುತ್ತದೆ.

ಉತ್ತರ 4: ಟಿಳಕವಾಡಿ ವೈರಿಂಗ್, ಬೆಳಗಾವಿ

ರೋಗ ಸಿಕ್ಕಿತು. ಅಂಗಡಿಗಳಲ್ಲಿ ಸಿಗುವ ಅಗ್ಗದ ರೆಕ್ಕೆಗಳ ಕೆಲವಲ್ಲಿ ಒಳಗೆ ಗೇಣುದ್ದದ ವೈರಿರುತ್ತದೆ, ಕೆಲವಲ್ಲಿ ಅದೂ ಇರುವುದಿಲ್ಲ, ಬರೀ ಅಲಂಕಾರ. ಎಫ್‌ಎಂ ತರಂಗದ ಉದ್ದ 3 ಮೀಟರಿನಷ್ಟು, ಅದರ ಕಾಲುಭಾಗ ಮುಕ್ಕಾಲು ಮೀಟರ್; 765 ಕಿಲೊಹರ್ಟ್ಸ್‌ನ ತರಂಗವಂತೂ 392 ಮೀಟರ್. ಕಡ್ಡಿ ಗಿಡ್ಡವಾದಷ್ಟೂ ಎಎಂ ಮೊದಲು ಸಾಯುತ್ತದೆ. ನಿಮ್ಮ ಕಾರಿನ ಮಾದರಿಗೇ ಸಲ್ಲುವ ಕಡ್ಡಿಯನ್ನು ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿರಿ. ಕೊಳ್ಳುವ ಮೊದಲು ತಳದ ಸ್ಕ್ರೂ ಹೊಂದುತ್ತದೆಯೇ ನೋಡಿ, ಏಕೆಂದರೆ ಸುತ್ತಿನ ಅಳತೆ ಕಾರಿಂದ ಕಾರಿಗೆ ಬೇರೆ. ಕೆಲವು ಕಾರುಗಳಲ್ಲಿ ತಳದಲ್ಲಿಯೇ ಸಂಕೇತ ಹಿಗ್ಗಿಸುವ ಸಣ್ಣ ಆಂಪ್ಲಿಫೈಯರ್ ಇರುತ್ತದೆ. ರೆಕ್ಕೆ ಕೂಡಿಸಿದವರು ಅದರ ಕರೆಂಟಿನ ವೈರನ್ನು ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿಸಿ.

ಗುಂಯ್ ಎನ್ನುವಾಗ ಲೈಟರಿನಲ್ಲಿ ಮೊಬೈಲ್ ಚಾರ್ಜರ್ ಇತ್ತೇ? ಒಮ್ಮೆ ಕಿತ್ತು ನೋಡಿರಿ.

ಹಳೇ ಸ್ವಿಫ್ಟ್, ವಿಜಯಪುರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಚಾರ್ಜರ್ ಕಿತ್ತ ಕ್ಷಣಕ್ಕೆ ಜೇನು ಹಾರಿಹೋಯಿತು. ಮತ್ತೆ ಚುಚ್ಚಿದೆ, ಮತ್ತೆ ಬಂತು. ಹೆಂಡತಿ ಪಕ್ಕದಲ್ಲಿ ಕುಳಿತು ನಗುವಷ್ಟು ಸಲ ಇದನ್ನೇ ಮಾಡಿದೆ. ಮನೆಯಲ್ಲಿದ್ದ ಮೂರು ಚಾರ್ಜರುಗಳನ್ನು ಒಂದೊಂದಾಗಿ ಹಚ್ಚಿ ನೋಡಿದಾಗ ಒಂದು ಮಾತ್ರ ಗದ್ದಲ ಮಾಡಲಿಲ್ಲ, ಈಗ ಕಾರಿನಲ್ಲಿ ಅದೇ ಇದೆ.

ಮೂಲ ಅಳತೆಯ ಕಡ್ಡಿ ಸಿಕ್ಕಿತು. ರೆಕ್ಕೆಯನ್ನು ಬಿಚ್ಚಿದಾಗ ಅದರ ಒಳಗೆ ಸುರುಳಿ ಸುತ್ತಿದ ತೆಳು ತಂತಿ ಇತ್ತು, ಅದರ ಒಂದು ತುದಿ ಬೆಸುಗೆ ಬಿಟ್ಟು ಸುಮ್ಮನೆ ತೂಗಾಡುತ್ತಿತ್ತು. ಕಳೆದ ಭಾನುವಾರ ಬೆಳಿಗ್ಗೆ ಹೊರಟವರು ಜಮಖಂಡಿ ದಾಟಿ ಮುಂದಕ್ಕೆ ಹೋಗುವವರೆಗೆ ವಿಜಯಪುರದ ಎಫ್‌ಎಂ ಕೇಳಿದೆವು, ಆಮೇಲೆ 765ಕ್ಕೆ ಬಂದೆವು. ಮುಧೋಳದ ಕಬ್ಬಿನ ಗದ್ದೆಗಳ ನಡುವೆ, ಲೋಕಾಪುರದಲ್ಲಿ ಚಹಾಕ್ಕೆ ನಿಂತಾಗ, ನೇಸರಗಿಯಲ್ಲಿ, ಎಲ್ಲ ಕಡೆಯೂ ಧಾರವಾಡ ಇತ್ತು. ಹೈಟೆನ್ಷನ್ ತಂತಿಗಳ ಕೆಳಗೆ ಹಾಯುವಾಗ ಮಾತ್ರ ಒಂದೆರಡು ಕ್ಷಣ ಗರ್ ಎಂದಿತು. ಸಂಜೆ ಮರಳುವಾಗ, ಕತ್ತಲಾದ ಮೇಲೆ ಬೇರೆ ಯಾವುದೋ ದೂರದ ಸ್ಟೇಷನ್ ಬಂದು ಹಾಯ್ದು ದನಿ ಏರಿಳಿಯತೊಡಗಿತು.

ಆ ಹೊತ್ತಿಗೆ ಮಾಡ್ಯುಲೇಟರ್ ಉಪಯೋಗಕ್ಕೆ ಬಂತು. ನೀವು ಹೇಳಿದಂತೆ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಬನಿಯನ್ ಬಟ್ಟೆ ಸುತ್ತಿ, ಪರಿಚಯದ ಹುಡುಗನೊಬ್ಬನ ಕೈಯಿಂದ ಕೂಡಿಸಿದ್ದೇನೆ. ಚೌಕಟ್ಟಿಗೆ ಒಂದು ಗೀರೂ ಬಿದ್ದಿಲ್ಲ. ಸಿಡಿ ಚೇಂಜರಿನ ಸಾಕೆಟ್ ಕಾಣಲಿಲ್ಲ. ಸ್ವಿಚ್ಚನ್ನು ಹ್ಯಾಂಡ್‌ಬ್ರೇಕಿನ ಪಕ್ಕದಲ್ಲಿ ಕಾಣದಂತೆ ಇಟ್ಟಿದ್ದಾನೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿಯೂ ಧಾರವಾಡ ಸಿಗುವುದರಿಂದ ಕತ್ತಲಾದ ಮೇಲೆ ಅದನ್ನೇ ಹಚ್ಚಿದೆವು. ಯರಗಟ್ಟಿಯ ಈಚೆ ನೆಟ್‌ವರ್ಕ್ ಎರಡು ಕಡೆ ಹೋಯಿತು, ಆಗ ಮಗಳು ಮೊಬೈಲಿನಲ್ಲಿ ಇಳಿಸಿಕೊಟ್ಟಿದ್ದ ಹಾಡುಗಳಿಗೆ ಬದಲಿಸಿದೆ.

ಸೋದರಳಿಯನಿಗೆ ಕಿಟ್ ಬೇಡವೆಂದು ಹೇಳಿದ್ದೇನೆ. ಬದಲಿಗೆ ಏನು ತರಲಿ ಎಂದು ಕೇಳುತ್ತಿದ್ದಾನೆ. ಒಂದು ಸಣ್ಣ ತೊಂದರೆ ಉಳಿದಿದೆ: ಕಡ್ಡಿಯ ತಳದ ರಬ್ಬರ್ ಗ್ಯಾಸ್ಕೆಟ್ ಹಳೆಯದು, ಮೊನ್ನೆಯ ಮಳೆಗೆ ಒಳಗಿನ ಲೈಟಿನ ಸುತ್ತ ತೇವ ಕಂಡಿತು. ಸಿಲಿಕಾನ್ ಹಚ್ಚಿದರೆ ಸಾಕೇ, ಅಥವಾ ಗ್ಯಾಸ್ಕೆಟ್ಟನ್ನೇ ಬದಲಿಸಬೇಕೇ?

ಉತ್ತರ 5: ಟಿಳಕವಾಡಿ ವೈರಿಂಗ್, ಬೆಳಗಾವಿ

ಗ್ಯಾಸ್ಕೆಟ್ ಬದಲಿಸಿರಿ. ಸಿಲಿಕಾನ್ ಹಚ್ಚಿದರೆ ಮುಂದೆ ಬಿಚ್ಚುವಾಗ ಪೇಂಟ್ ಎದ್ದುಬರುತ್ತದೆ. ನೀರು ಆಂಟೆನಾ ವೈರಿನ ಒಳಗೆ ಇಳಿದರೆ ತಾಮ್ರ ಹಸಿರುಗಟ್ಟಿ ಮತ್ತೆ ಕರಕರ ಶುರುವಾಗುತ್ತದೆ, ಆದ್ದರಿಂದ ಮುಂದಿನ ಮಳೆಗೆ ಮೊದಲೇ ಮಾಡಿಸಿ. ಮಗಳನ್ನು ನೋಡಲು ಬಂದಾಗ ಕಾರು ತನ್ನಿ, ಅರ್ಧ ತಾಸಿನ ಕೆಲಸ.